ಬಣ್ಣ ಹಚ್ಚದೆ ಬಿಟ್ಟ ಎರಡು ಬೆರಳಗಲ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುವ ಹಾಗೆ ನನಗೆ ಇದು ಇದೆ, ಅಷ್ಟೆ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಪೋರ್ಟಿಕೋದಲ್ಲಿ, ಹಳೆಯ ನೂರೈವತ್ತು ಸಿಸಿ ಬೈಕಿನ ಪಕ್ಕ ಮಣೆ ಹಾಕಿಕೊಂಡು ಕೂತು ಸ್ಪ್ಯಾನರ್ ತಿರುಗಿಸುವುದನ್ನು ನಾನು ಕಲಿತದ್ದೂ ಈ ಕೋಪದಿಂದಲೇ. ಬೈಕು ಬಿಚ್ಚುವುದು ಧ್ಯಾನ, ತಪಸ್ಸು ಎಂದೆಲ್ಲ ಹೇಳುವವರಿದ್ದಾರೆ. ಹೇಳಲಿ. ನಾನು ಮೆಕ್ಯಾನಿಕ್ಕುಗಳ ಜೊತೆ ಜಗಳವಾಡಿ ಆಡಿ, ಕೊನೆಗೆ ಗಾಡಿ ಒಯ್ಯಲು ಈ ಕಡೆ ಒಂದು ಗ್ಯಾರೇಜೂ ಉಳಿಯದೆ, ಬೇರೆ ದಾರಿಯಿಲ್ಲದೆ ಮನೆಯಲ್ಲೇ ರಿಪೇರಿಗೆ ಇಳಿದವನು.

ಜಯನಗರದ ಒಬ್ಬ ಇಂಜಿನ್ ಆಯಿಲ್ ಬದಲಾಯಿಸುವಾಗ ಕೆಳಗಿನ ಬೋಲ್ಟನ್ನು ಎಷ್ಟು ಬಿಗಿದನೆಂದರೆ ಅದರ ಥ್ರೆಡ್ಡೇ ಕಿತ್ತುಹೋಯಿತು. ಮಾರನೆಯ ಬೆಳಿಗ್ಗೆ ನನ್ನ ಹೆಂಡತಿ ರಂಗೋಲಿ ಇಡಲು ಬಾಗಿಲು ತೆಗೆದರೆ ಹೊಸ್ತಿಲ ತನಕ ಆಯಿಲ್ ಹರಿದಿತ್ತು. ಕೇಳಲು ಹೋದಾಗ ಅವನು, "ಹಳೇ ಗಾಡಿ ಸಾರ್, ಹಂಗೇ ಆಗತ್ತೆ" ಅಂದ. ಹಳೆಯದಾದ ಮಾತ್ರಕ್ಕೆ ಬೋಲ್ಟು ತಾನಾಗಿ ತನ್ನನ್ನು ಮುರಿದುಕೊಳ್ಳುತ್ತದೆಯೇ? ಬಿಟಿಎಂ ಲೇಔಟಿನ ಇನ್ನೊಬ್ಬ ಗಾಡಿಯನ್ನು ನೋಡಲೂ ಇಲ್ಲ. ಮೊಬೈಲಿನಿಂದ ತಲೆ ಎತ್ತದೆ, "ಮಾರ್ಬಿಡಿ ಗುರು, ಇದಕ್ಕೆ ಪಾರ್ಟ್ಸೇ ಸಿಗಲ್ಲ" ಅಂದ. ಅವನಿಗಿಂತ ವಯಸ್ಸಿನಲ್ಲಿ ಇಪ್ಪತ್ತು ವರ್ಷ ದೊಡ್ಡವನು ನಾನು, ಗುರು ಅಂತೆ. ಅವತ್ತು ಆ ಬೀದಿಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಗಾಡಿಯ ಬಗ್ಗೆ ಎರಡು ಮಾತು ಹೇಳಬೇಕು. ಹದಿನೈದು ವರ್ಷದ ಹಿಂದೆ ಹೊಸದಾಗಿ ಕೊಂಡದ್ದು. ಮೈಮೇಲೆ ಪ್ಲಾಸ್ಟಿಕ್ಕಿನ ಕವಚ ಹೊತ್ತ, ಸ್ವಲ್ಪ ಮುಂದಕ್ಕೆ ಬಾಗಿ ಕೂತು ಓಡಿಸಬೇಕಾದ ಚಿಕ್ಕ ಸ್ಪೋರ್ಟ್ಸ್ ಬೈಕು. ಹಿಂದಿನ ಸೀಟನ್ನು ನನ್ನ ಹೆಂಡತಿ ಗುಬ್ಬಚ್ಚಿ ಕೂರುವ ಜಾಗ ಅನ್ನುತ್ತಾಳೆ. ಈಗಿನ ಹುಡುಗರ ಬೈಕುಗಳ ಮುಂದೆ ಅದು ಏನೂ ಅಲ್ಲ ಎಂದು ನನಗೂ ಗೊತ್ತು. ಆದರೆ ನಾನು ಒಂದು ವಿಮಾ ಕಚೇರಿಯಲ್ಲಿ ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ತಳ್ಳುವ ಕೆಲಸದವನು. ಇಪ್ಪತ್ತೆರಡು ವರ್ಷ ದುಡಿದರೂ, ಇಗೋ ಇದನ್ನು ನಾನು ಮಾಡಿದೆ ಎಂದು ಕೈಯಿಟ್ಟು ತೋರಿಸಲು ಅಲ್ಲಿ ಏನೂ ಇಲ್ಲ. ಈ ಬೈಕಿನಲ್ಲಿ ಇದೆ. ಮುಂದಿನ ಬ್ರೇಕಿನ ಹಳೆ ರಬ್ಬರ್ ಪೈಪು ತೆಗೆದು ಉಕ್ಕಿನ ಹೆಣಿಗೆಯ ಪೈಪು ಹಾಕಿದವನು ನಾನು. ವಾಲ್ವಿನ ಸಂದು ಅಳೆದು ಕೂರಿಸಿದವನು, ಚೈನು, ಸ್ಪ್ರಾಕೆಟ್ಟು ಬದಲಿಸಿದವನು, ಹಿಂದೆ ಅಗಲದ ಟೈರು ಹಾಕಿದವನು ನಾನು. ಬನ್ನೇರುಘಟ್ಟ ರಸ್ತೆಯ ಗುಂಡಿಗಳ ದೆಸೆಯಿಂದ ಎರಡು ವರ್ಷಕ್ಕೆ ಮೂರು ಸಲ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಆಯಿಲ್ ಸೀಲು ಬದಲಿಸಿದವನೂ ನಾನೇ. ರಸ್ತೆ ಅಗೆದವರಿಗೆ ಮುಚ್ಚುವ ನೆನಪಿರುವುದಿಲ್ಲ, ಮುಚ್ಚಿದವರಿಗೆ ಮಟ್ಟ ಮಾಡುವ ನೆನಪಿರುವುದಿಲ್ಲ. ಅನುಭವಿಸುವುದು ನನ್ನ ಫೋರ್ಕು.

ಹೋದ ವರ್ಷ ಟ್ಯಾಂಕು ಬಿಚ್ಚಿದಾಗ ಕೆಳಗೆ ಫ್ರೇಮಿಗೆ ತುಕ್ಕು ಹಿಡಿದದ್ದು ಕಂಡಿತು. ಹದಿನೈದು ವರ್ಷ ತುಂಬಿದ ಗಾಡಿಗೆ ಮತ್ತೆ ನೋಂದಣಿ ಮಾಡಿಸಬೇಕು, ಸಾರಿಗೆ ಕಚೇರಿಯಲ್ಲಿ ಇನ್ಸ್‌ಪೆಕ್ಟರ್ ಗಾಡಿ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಗುಜರಿ. ಇನ್ನು ಕೆಲವೇ ತಿಂಗಳಿತ್ತು. ಹಾಗಾಗಿ ಇಡೀ ಗಾಡಿಯನ್ನು ಬಿಚ್ಚಿ, ಬರೀ ಫ್ರೇಮನ್ನು ಪೌಡರ್ ಕೋಟಿಂಗಿಗೆ ಕೊಡುವುದೆಂದು ತೀರ್ಮಾನಿಸಿದೆ. ಮೂರು ಭಾನುವಾರ ಹಿಡಿಯಿತು. ಇಂಜಿನ್ನನ್ನು ಹಳೆ ಟೈರಿನ ಮೇಲೆ ಇಳಿಸಿದೆ. ನಟ್ಟು ಬೋಲ್ಟುಗಳು ಚೀಟಿ ಅಂಟಿಸಿದ ಕವರುಗಳಲ್ಲಿ ಸೇರಿದವು. ಪ್ಲಾಸ್ಟಿಕ್ ಕವಚದ ತುಂಡುಗಳು ದಿವಾನದ ಹಿಂದೆ, ಟ್ಯಾಂಕು ದೇವರ ಮನೆಯ ಬಾಗಿಲ ಪಕ್ಕ.

"ರೀ, ದೇವರಿಗೆ ಪ್ರದಕ್ಷಿಣೆ ಹಾಕಿದ್ರೆ ಇದಕ್ಕೂ ಸೇರಿಸೇ ಹಾಕ್ಬೇಕು ಈಗ" ಅಂದಳು ಹೆಂಡತಿ.

ಪೌಡರ್ ಕೋಟಿಂಗ್ ಅಂಗಡಿ ಇದ್ದದ್ದು ಪುಟ್ಟೇನಹಳ್ಳಿಯಲ್ಲಿ, ಕೆರೆಯಿಂದ ಒಳಗಿನ ಅಡ್ಡರಸ್ತೆಯಲ್ಲಿ. ತಗಡಿನ ಶೆಡ್ಡು. ಕಬ್ಬಿಣದ ಮೇಲೆ ಮರಳು ಚಿಮ್ಮಿಸಿ ಹಳೆಯ ಬಣ್ಣ ತೆಗೆದು, ಪುಡಿಬಣ್ಣ ಎರಚಿ, ಬೀರುವಿಗಿಂತ ದೊಡ್ಡದಾದ ಒಲೆಯಲ್ಲಿ ಬೇಯಿಸುತ್ತಾರೆ. ಅಂಗಡಿಯ ಯಜಮಾನರು ಆ ಊರಿನ ಹಳಬರು, ಐವತ್ತೈದು ದಾಟಿದವರು, ಮಾತು ಬಹಳ ಕಡಿಮೆ. ನನ್ನ ಫ್ರೇಮನ್ನು ಎತ್ತಿ, ತಿರುಗಿಸಿ, ಹ್ಯಾಂಡಲ್ ಕೂರುವ ಕುತ್ತಿಗೆಯ ಭಾಗವನ್ನು ಬೆರಳಿನಿಂದ ಸವರಿ ನೋಡಿ, "ವಾರ ಬಿಟ್ಟು ಬನ್ನಿ ಸಾರ್" ಅಂದರು. ಹೇಳಿದ ದಿನಕ್ಕೇ ಕೊಟ್ಟರು. ಈ ಊರಿನಲ್ಲಿ ಹೇಳಿದ ದಿನಕ್ಕೆ ಕೆಲಸ ಕೊಡುವವರನ್ನು ಕಂಡರೆ ನನಗೆ ಅನುಮಾನವೇ ಮೊದಲು.

ಅನುಮಾನ ನಿಜವಾಯಿತು ಅಂದುಕೊಂಡೆ. ಮನೆಗೆ ತಂದು ಸಂಜೆ ಪೋರ್ಟಿಕೋದಲ್ಲಿ ಸುತ್ತಿದ್ದ ಪೇಪರು ಬಿಚ್ಚಿದಾಗ ಫ್ರೇಮು ಕಪ್ಪಗೆ ಹೊಳೆಯುತ್ತಿತ್ತು, ಒಂದು ಜಾಗ ಬಿಟ್ಟು. ಕುತ್ತಿಗೆಯ ಬಲಗಡೆ ಎರಡು ಬೆರಳಗಲದ ಒಂದು ಟೇಪು ಸುಟ್ಟ ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ಕಿತ್ತೆ. ಅಡಿಯಲ್ಲಿ ಬಣ್ಣವೇ ಇಲ್ಲ. ಹಳೆಯ ಜಿಡ್ಡು, ಹಳೆಯ ಕೊಳೆ ಹಾಗೇ ಇತ್ತು. ಬೆರಳಾಡಿಸಿದರೆ ಗುಳಿ ಗುಳಿಯಾಗಿ ತಗುಲಿತು. ತುಕ್ಕು ಕಚ್ಚಿದ ಗುಳಿ ಅಂದುಕೊಂಡೆ. ನನಗೆ ಓದುವ ಕನ್ನಡಕ ಬಂದು ಆಗಲೇ ಎರಡು ವರ್ಷವಾಗಿತ್ತು. ಅದನ್ನು ಮೂಗಿನ ಮೇಲೇರಿಸಿಕೊಂಡು ಬೈಕಿನ ಮುಂದೆ ಕೂರುವುದೆಂದರೆ ನನಗೆ ಮೈಯುರಿ, ಅದಕ್ಕೇ ಮನೆಯೊಳಗೇ ಬಿಟ್ಟು ಕೂರುತ್ತಿದ್ದೆ.

"ನೋಡು ಇವರ ಕೆಲಸ, ಎಲ್ಲಿಂದಲೋ ಟೇಪ್ ಅಂಟಿದ್ದೂ ನೋಡಿಲ್ಲ, ಅದ್ರ ಮೇಲೇ ಹೊಡ್ದಿದಾರೆ" ಎಂದು ಹೆಂಡತಿಗೆ ಕೂಗಿ ಹೇಳಿದೆ. ಹೋಗಿ ಜಗಳ ಮಾಡಲು ಅಂದು ಪುರುಸೊತ್ತಿರಲಿಲ್ಲ. ಅರ್ಧಂಬರ್ಧ ಕೆಲಸವನ್ನು ಹಾಗೇ ಬಿಡುವ ಜಾಯಮಾನ ನನ್ನದಲ್ಲ. ಉಪ್ಪು ಕಾಗದದಿಂದ ಉಜ್ಜಿದೆ, ಕಾರಿನ ತಗಡಿಗೆ ಮೆತ್ತುವ ಪುಟ್ಟಿ ಕಲಸಿ ಗುಳಿಗಳಿಗೆ ತುಂಬಿದೆ, ಒಣಗಿದ ಮೇಲೆ ಮತ್ತೆ ಉಜ್ಜಿ ಡಬ್ಬಿಯ ಕಪ್ಪು ಬಣ್ಣವನ್ನು ಮೂರು ಕೋಟು ಹೊಡೆದೆ. ಎಷ್ಟು ನುಣ್ಣಗೆ ಬಂತೆಂದರೆ ಅವರ ಬಣ್ಣ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಅವರಿಗಿಂತ ನಾನೇ ವಾಸಿ ಎಂದು ಒಳಗೊಳಗೇ ಬೀಗಿದೆ.

ಮತ್ತೆ ಜೋಡಿಸಲು ತಿಂಗಳು ಹಿಡಿಯಿತು. ಮೊದಲ ಸಲ ಬಟನ್ ಒತ್ತಿದಾಗಲೇ ಸ್ಟಾರ್ಟ್ ಆಯಿತು. ಅಂಜನಾಪುರದ ತನಕ ಹೋಗಿ ಬಂದೆ. ಆ ಒಂದು ಗಂಟೆ ನನಗೆ ಯಾರ ಮೇಲೂ ಕೋಪ ಇರಲಿಲ್ಲ, ಸತ್ಯವಾಗಿ.

ಮುಂದಿನ ತಿಂಗಳ ಮೊದಲನೇ ಶನಿವಾರ ಸಾರಿಗೆ ಕಚೇರಿಗೆ ಗಾಡಿ ಒಯ್ದೆ. ಬ್ರೋಕರುಗಳು ಮುತ್ತಿಕೊಂಡರು, ಒಬ್ಬೊಬ್ಬರನ್ನೂ ಗದರಿಸಿ ದೂರ ಇಟ್ಟೆ. ಇನ್ಸ್‌ಪೆಕ್ಟರ್ ಒಬ್ಬ ಹೆಂಗಸು, ನಲವತ್ತರ ಆಸುಪಾಸು. ಲೈಟು, ಹಾರನ್ನು, ಬ್ರೇಕು ನೋಡಿದರು, ತಲೆಯಾಡಿಸಿದರು. ನಂತರ ಅವರ ಸಹಾಯಕರು ಕಾಗದದ ಚೂರು ಮತ್ತು ಪೆನ್ಸಿಲ್ ಹಿಡಿದು ಬಂದರು. ಫ್ರೇಮಿನ ಮೇಲೆ ಕಾರ್ಖಾನೆಯಲ್ಲೇ ಕೆತ್ತಿದ ಚಾಸಿ ನಂಬರ್ ಇರುತ್ತದೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿದರೆ ಅಂಕಿಗಳು ಕಾಗದಕ್ಕೆ ಏಳುತ್ತವೆ, ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆ. ಆ ಪ್ರಿಂಟನ್ನು ಅರ್ಜಿಗೆ ಅಂಟಿಸಬೇಕು. ಸಹಾಯಕರು ಕುತ್ತಿಗೆಯ ಹತ್ತಿರ ಬಗ್ಗಿ ಉಜ್ಜಿದರು. ಕಾಗದ ಬರೀ ಕಪ್ಪಾಯಿತು.

"ನಂಬರ್ ಎಲ್ಲಿದೆ ಸಾರ್?" ಇನ್ಸ್‌ಪೆಕ್ಟರ್ ಕೇಳಿದರು.

"ಅಲ್ಲೇ ಎಲ್ಲೋ ಇರತ್ತೆ ಮೇಡಂ."

"ನೀವೇ ತೋರಿಸಿ."

ಬಗ್ಗಿ ನೋಡಿದೆ. ಮೊಬೈಲಿನ ಟಾರ್ಚು ಹಿಡಿದು ನೋಡಿದೆ. ಕಪ್ಪು ಬಣ್ಣ ಬಿಟ್ಟರೆ ಏನೂ ಇರಲಿಲ್ಲ.

"ಚಾಸಿ ನಂಬರ್ ಇಲ್ದೆ ನಾನು ಸೈನ್ ಹಾಕಕ್ಕಾಗಲ್ಲ. ನಂಬರ್ ಅಳಿಸಿರೋ ಗಾಡಿ ಅಂತ ಬರೀಬೇಕಾಗತ್ತೆ, ಬರೆದ್ರೆ ಪೊಲೀಸು, ಅದೂ ಇದೂ ಅಂತ ನಿಮಗೇ ಕಷ್ಟ. ಇವತ್ತು ಏನೂ ಬರೆಯಲ್ಲ. ತಿಂಗಳ ಕೊನೆವರೆಗೂ ಟೈಮಿದೆ, ಕಾಣೋ ಹಾಗೆ ಮಾಡ್ಕೊಂಡು ಬನ್ನಿ" ಅಂದರು. ಅವರು ಸಮಾಧಾನವಾಗಿಯೇ ಹೇಳಿದರು. ಅದೂ ನನಗೆ ಉರಿಯಿತು.

ಪುಟ್ಟೇನಹಳ್ಳಿಯವರು ಪುಡಿಬಣ್ಣವನ್ನು ದಪ್ಪಗೆ ಮೆತ್ತಿ ನಂಬರನ್ನೇ ಮುಚ್ಚಿದ್ದಾರೆ ಎಂದು ಗಾಡಿ ಹತ್ತುವ ಮೊದಲೇ ತೀರ್ಪು ಕೊಟ್ಟಾಗಿತ್ತು. ಸಾರಿಗೆ ಕಚೇರಿಯಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಏನೇನು ಹೇಳಬೇಕೆಂದು ಹೆಲ್ಮೆಟ್ಟಿನೊಳಗೆ ಜೋರಾಗಿ ಹೇಳಿಕೊಂಡೇ ಹೋದೆ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ನನ್ನನ್ನೇ ನೋಡುತ್ತಿದ್ದರು.

ಶನಿವಾರವಾದ್ದರಿಂದ ಶೆಡ್ಡಿನಲ್ಲಿ ಜನವಿತ್ತು. ಕಾರಿನ ಎರಡು ಅಲಾಯ್ ಚಕ್ರ ತಂದಿದ್ದ ಒಬ್ಬರು, ಮನೆಯ ಗೇಟಿಗೆ ಬಣ್ಣ ಆರಿಸುತ್ತಿದ್ದ ಗಂಡ ಹೆಂಡತಿ, ಕಿಟಕಿಯ ಗ್ರಿಲ್ಲು ಇಳಿಸುತ್ತಿದ್ದ ವೆಲ್ಡಿಂಗಿನವರು. ನಾನು ಗಾಡಿಯ ಸ್ಟ್ಯಾಂಡು ಹಾಕುವ ಮೊದಲೇ ಬಾಯಿ ಬಿಟ್ಟೆ. ಹದಿನೈದು ವರ್ಷದ ಗಾಡಿ ನಿಮ್ಮಿಂದ ಗುಜರಿಗೆ ಹೋಗುತ್ತದೆ, ಕೆಲಸ ಬರದಿದ್ದರೆ ಬಾಗಿಲು ಹಾಕಿ ಮನೆಗೆ ಹೋಗಿ ಎಂದು ಕೂಗಿದೆ. ಯಜಮಾನರು ಕೈಯಲ್ಲಿದ್ದ ಸ್ಪ್ರೇ ಗನ್ನನ್ನು ಮೊಳೆಗೆ ತೂಗುಹಾಕಿ ನನ್ನ ಮಾತು ಮುಗಿಯುವ ತನಕ ಕಾದರು.

"ಟೇಪ್ ಹಾಕಿದ್ದೆ ಸಾರ್" ಅಂದರು. "ನಂಬರ್ ಮೇಲೆ ಟೇಪ್ ಹಾಕಿ, ಆ ಜಾಗ ಬಿಟ್ಟು ಹೊಡ್ದಿದ್ದೆ. ಗಾಡಿ ಅಂದ್ರೆ ನಾನೇ ಕೈಯಾರೆ ಹಾಕ್ತೀನಿ ಟೇಪು, ಯಾರ್ ಕೈಗೂ ಬಿಡಲ್ಲ. ನೀವು ಕಿತ್ತಾಗ ಬಣ್ಣ ಇಲ್ದಿರೋ ಜಾಗ ಇರ್ಲಿಲ್ವಾ?"

ಆ ಕ್ಷಣದಲ್ಲೇ ನನಗೆ ಎಲ್ಲವೂ ನೆನಪಾಯಿತು. ಕಂದು ಟೇಪು, ಗುಳಿ ಗುಳಿಯಾಗಿ ಬೆರಳಿಗೆ ತಗುಲಿದ್ದು, ಪುಟ್ಟಿ ಕಲಸಿದ್ದು, ಮೂರು ಕೋಟು. ತುಕ್ಕಿನ ಗುಳಿಯಲ್ಲ, ಅಂಕಿಗಳು. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ಮೂರ್ಖನಾಗಿ ಉಳಿಯುತ್ತಿದ್ದೆ. ಆದರೆ ಐದಾರು ಜನ ನೋಡುತ್ತಿದ್ದರು, ನನ್ನ ದನಿ ಆಗಲೇ ಮೇಲೇರಿತ್ತು, ಏರಿದ ದನಿಯನ್ನು ಇಳಿಸುವುದು ನನಗೆ ಯಾವತ್ತೂ ಬಂದಿಲ್ಲ.

"ಟೇಪೂ ಇಲ್ಲ ಗೀಪೂ ಇಲ್ಲ" ಅಂದೆ. "ಏನು, ಕದ್ದ ಗಾಡಿಗಳ ನಂಬರ್ ಅಳಿಸಿ ಅಭ್ಯಾಸನಾ ನಿಮಗೆ? ಅದೇ ಕೈ ನನ್ನ ಗಾಡಿ ಮೇಲೂ ಆಡ್ತಾ?"

ಚಕ್ರ ತಂದಿದ್ದವರು ಒಂದು ನಿಮಿಷ ನಿಂತು, "ಆಮೇಲೆ ಬರ್ತೀನಿ ಅಣ್ಣ" ಎಂದು ಎರಡೂ ಚಕ್ರಗಳನ್ನು ಎತ್ತಿ ಕಾರಿನ ಡಿಕ್ಕಿಗೆ ಹಾಕಿಕೊಂಡು ಹೊರಟರು. ಯಜಮಾನರು ಆ ಕಾರು ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು, ನಂತರ ನನ್ನ ಕಡೆ ನೋಡದೆ ಮೊಳೆಯಿಂದ ಸ್ಪ್ರೇ ಗನ್ ತೆಗೆದುಕೊಂಡರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಇನ್ಸ್‌ಪೆಕ್ಟರ್ ಬಗ್ಗೆ ಹೇಳಿದೆ, ಟೇಪಿನ ಬಗ್ಗೆ ಹೇಳಿದೆ, ಕೊನೆಗೆ ಕದ್ದ ಗಾಡಿಯ ಮಾತೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು.

"ನಿಮ್ಮದೇ ತಪ್ಪು ಅಂತ ಗೊತ್ತಾದ್ಮೇಲೆ ಅಂದ್ರಾ ಅದನ್ನ?"

ಹೌದು ಅಂದೆ.

"ಬೋಲ್ಟ್ ಮುರಿದೋನನ್ನ ಬೈದ್ರಿ, ಸರಿ. ಗುಂಡಿ ತೋಡಿದೋರನ್ನ ಬೈದ್ರಿ, ಅದೂ ಸರಿ. ಇವರು ಒಬ್ಬರು ನೆಟ್ಟಗೆ ಕೆಲಸ ಮಾಡಿದ್ರು, ಅವರಿಗೆ ಕಳ್ಳ ಅಂದು ಬಂದ್ರಾ. ಕೋಪದಲ್ಲಿ ಕುಯ್ದ ಮೂಗು ಆಮೇಲೆ ಬರಲ್ಲ ರೀ." ಒಳಗೆ ಹೋಗಿ ನನ್ನ ಕನ್ನಡಕ ತಂದು ಮುಂದಿಟ್ಟಳು. "ಹಾಕ್ಕೊಂಡು ಕೂತ್ಕೊಳಿ ಇನ್ಮೇಲೆ."

ಮಾರನೆಯ ದಿನ ಕನ್ನಡಕ ಹಾಕಿಕೊಂಡೇ ಕೂತೆ. ಪೇಂಟಿನ ಅಂಗಡಿಯಿಂದ ಬಣ್ಣ ತೆಗೆಯುವ ದ್ರಾವಣ ತಂದು ಆ ಎರಡು ಬೆರಳಗಲಕ್ಕೆ ಹಚ್ಚಿದೆ. ನನ್ನ ಮೂರು ಕೋಟು ಸುಕ್ಕುಗಟ್ಟಿ ಎದ್ದು ಬಂತು. ಪುಟ್ಟಿ ಮಾತ್ರ ಬಿಡಲಿಲ್ಲ. ಲೋಹದ ಮೊನೆ ತಗುಲಿಸಿದರೆ ಅಂಕಿಗೆ ಗೀರು ಬೀಳುತ್ತದೆ, ಗೀರು ಬಿದ್ದರೆ ತಿದ್ದಿದ ನಂಬರ್ ಎಂದು ಅನುಮಾನ ಬರುತ್ತದೆ. ಕೊನೆಗೆ ಉರಿದು ಉಳಿದ ಊದಿನಕಡ್ಡಿಯ ಬುಡಗಳನ್ನು ಒಟ್ಟುಮಾಡಿ, ದ್ರಾವಣದಲ್ಲಿ ಅದ್ದಿ ಅದ್ದಿ, ಒಂದೊಂದೇ ಅಂಕಿಯ ಕಾಲುವೆಯಿಂದ ಪುಟ್ಟಿಯನ್ನು ಕೆದಕಿ ತೆಗೆದೆ. ಒಂದು ಅಕ್ಷರಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಬೈಯಲು ಯಾರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಆ ಪೋರ್ಟಿಕೋದಲ್ಲಿ ನಾನು ಕೆಲಸ ಮಾಡುತ್ತ ಯಾರನ್ನೂ ಬೈಯದೆ ಕೂತದ್ದು ಅದೇ ಮೊದಲು. ಬೈದಿದ್ದರೆ ನನ್ನನ್ನೇ ಬೈದುಕೊಳ್ಳಬೇಕಿತ್ತು, ಅದನ್ನು ಬಾಯಿಬಿಟ್ಟು ಮಾಡುವ ಧೈರ್ಯ ಬರಲಿಲ್ಲ. ಎಲ್ಲ ಅಂಕಿಗಳೂ ಹೊರಬಂದ ಮೇಲೆ ಗೊತ್ತಾಯಿತು, ಅವರ ಟೇಪು ಎಷ್ಟು ನಾಜೂಕಾಗಿತ್ತೆಂದು. ಮೊದಲ ಅಕ್ಷರದ ಆಚೆ ಒಂದು ಕೂದಲೆಳೆ, ಕೊನೆಯ ಅಂಕಿಯ ಈಚೆ ಒಂದು ಕೂದಲೆಳೆ, ಅಷ್ಟೇ ಜಾಗ ಬಿಟ್ಟಿದ್ದರು. ಪುಡಿಬಣ್ಣದ ಅಂಚು ಬ್ಲೇಡಿನಿಂದ ಕೊಯ್ದಂತೆ ನೇರವಾಗಿತ್ತು.

ತಿಂಗಳ ಕೊನೆಗೆ ಮುಂಚೆಯೇ ಇನ್ಸ್‌ಪೆಕ್ಟರ್ ಸೈನ್ ಹಾಕಿದರು. ಗಾಡಿಗೆ ಇನ್ನೂ ಐದು ವರ್ಷ ಸಿಕ್ಕಿತು. ಸಂತೋಷವಾಗಬೇಕಿತ್ತು. ಗಾಡಿ ಹತ್ತಿದಾಗಲೆಲ್ಲ ಕಣ್ಣು ತಾನಾಗಿ ಆ ಬಲಗಡೆಗೇ ಹೋಗುತ್ತಿತ್ತು, ಹೋದಾಗಲೆಲ್ಲ ಡಿಕ್ಕಿಗೆ ಹೋದ ಆ ಎರಡು ಚಕ್ರಗಳು ನೆನಪಾಗುತ್ತಿದ್ದವು.

ಕ್ಷಮೆ ಕೇಳುವುದೆಂದು ನಿರ್ಧರಿಸಿದೆ. ನಿರ್ಧರಿಸಿದ್ದರಲ್ಲೂ ಒಂದು ಜಾಣತನ ಮಾಡಿದೆ. ಒಂದು ಮಂಗಳವಾರ ರಜೆ ಹಾಕಿ, ಊಟದ ಹೊತ್ತು ಕಳೆದ ಮೇಲೆ, ಅಂಗಡಿ ಖಾಲಿ ಇರುವ ಸಮಯ ನೋಡಿಕೊಂಡು ಹೋದೆ. ಲೆಕ್ಕಾಚಾರ ಸರಿಯಾಗಿತ್ತು. ಯಜಮಾನರೊಬ್ಬರೇ ಕೂತು ಟೇಪನ್ನು ಕತ್ತರಿಯಿಂದ ಸಣ್ಣ ಪಟ್ಟಿಗಳಾಗಿ ಕತ್ತರಿಸುತ್ತಿದ್ದರು. ನಾನು ಹತ್ತಿರ ಹೋಗಿ, "ಯಜಮಾನ್ರೇ, ತಪ್ಪು ನನ್ನದೇ. ಟೇಪ್ ಕಿತ್ತಿದ್ದು ನಾನೇ, ಪುಟ್ಟಿ ಮೆತ್ತಿದ್ದೂ ನಾನೇ. ಅವತ್ತು ಇಲ್ಲಿ ನಿಂತಿದ್ದಾಗ್ಲೇ ನಂಗೆ ಅದು ಗೊತ್ತಾಗಿತ್ತು. ಕ್ಷಮಿಸಿ" ಅಂದೆ.

ಅವರು ಕತ್ತರಿ ನಿಲ್ಲಿಸಲಿಲ್ಲ.

"ಅವತ್ತು ಜನ ಇದ್ರಲ್ಲ ಸಾರ್" ಅಂದರು. "ಜನ ಇದ್ದಾಗ ಬನ್ನಿ."

ನನ್ನ ಕಿವಿ ಬಿಸಿಯಾಯಿತು. ರಜೆ ಹಾಕಿ ಬಂದಿದ್ದೇನೆ, ಬಾಯಿಬಿಟ್ಟು ಕೇಳಿದ್ದೇನೆ, ಇನ್ನೇನು ಕಾಲಿಗೆ ಬೀಳಬೇಕಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಾಡಿಯ ತನಕ ನಡೆದು ಹೋದೆ, ಕೀಲಿಯನ್ನೂ ತಿರುಗಿಸಿದೆ. ಆ ಕುತ್ತಿಗೆಯ ಮೇಲೆ ಬಣ್ಣವಿಲ್ಲದ ಎರಡು ಬೆರಳಗಲ ಕಂಡಿತು. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ವಾಪಸ್ ಬಂದೆ. ಗೋಡೆಯ ಪಕ್ಕ ಒಂದು ಸ್ಟೂಲು ಇತ್ತು. ಕೂತೆ. ಅವರು ಏಳಿ ಎನ್ನಲಿಲ್ಲ, ಕೂತ್ಕೊಳಿ ಎಂದೂ ಅನ್ನಲಿಲ್ಲ. ಕಂಪ್ರೆಸರ್ ಹಾಕಿ ತಮ್ಮ ಕೆಲಸಕ್ಕೆ ಹೋದರು.

ನಾಲ್ಕು ಗಂಟೆಯ ಹೊತ್ತಿಗೆ ಗೇಟಿನ ದಂಪತಿ ಬಂದರು, ಅವತ್ತಿನವರೇ. ಅವರ ಹಿಂದೆಯೇ ವೆಲ್ಡಿಂಗಿನವರು ಗ್ರಿಲ್ಲು ಹೊತ್ತು ಬಂದರು. ನನ್ನನ್ನು ಗುರುತು ಹಿಡಿದು ಆ ಹೆಂಗಸು ಗಂಡನ ತೋಳು ಮುಟ್ಟಿದರು. ನಾನು ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದೆ. ಅವತ್ತು ಇಡೀ ಬೀದಿಗೆ ಕೇಳಿಸಿದ ಅದೇ ದನಿ ಈಗ ನನಗೇ ಸರಿಯಾಗಿ ಕೇಳಿಸಲಿಲ್ಲ.

ಯಜಮಾನರು ಕೈಚಾಚಿ ಕಂಪ್ರೆಸರ್ ಆಫ್ ಮಾಡಿದರು. ಶೆಡ್ಡು ನಿಶ್ಶಬ್ದವಾಯಿತು.

"ಈಗ ಹೇಳಿ ಸಾರ್" ಅಂದರು.

ಹೇಳಿದೆ.